ಕಾಲೆತ್ತಿ ಅಳಿಯಂದ್ರೇ

ಆ ಬೀದಿಯಲ್ಲಿ ಅವರನ್ನು ಎಲ್ಲರೂ ಕಿವಿ ಮೇಷ್ಟ್ರು ಎಂದೇ ಕರೆಯುವುದು. ಮೇಷ್ಟ್ರು ಯಾಕೆಂದರೆ ಮೊದಲು ಅಂಧ ಮಕ್ಕಳ ಶಾಲೆಯಲ್ಲಿ ಟೈಪಿಂಗ್ ಕಲಿಸುತ್ತಿದ್ದರು. ಕಿವಿ ಯಾಕೆಂದರೆ ಈಗ ಅವರ ಅನ್ನ ಹುಟ್ಟುವುದು ಅಲ್ಲಿಂದಲೇ. ಸಭೆಗಳಲ್ಲಿ, ಕಾಲೇಜುಗಳಲ್ಲಿ ಯಾರ್ಯಾರೋ ಮಾತಾಡಿದ್ದು ರೆಕಾರ್ಡ್ ಆಗಿ ಒಂದು ಕಚೇರಿಗೆ ಬರುತ್ತದೆ, ಕಚೇರಿಯವರು ಮೇಷ್ಟ್ರಿಗೆ ಕಳಿಸುತ್ತಾರೆ, ಮೇಷ್ಟ್ರು ಕೇಳಿ ಕೇಳಿ ಟೈಪ್ ಮಾಡಿ ಹಿಂದಿರುಗಿಸುತ್ತಾರೆ. ಕೆಮ್ಮು, ಆಕಳಿಕೆ, ಮೈಕು ತಟ್ಟುವ ಸದ್ದು ಇವನ್ನೆಲ್ಲ ಸೋಸಿ ಮಾತನ್ನಷ್ಟೇ ತೆಗೆದುಕೊಡುವುದರಲ್ಲಿ ಅವರದು ಎತ್ತಿದ ಕೈ. ಹುಟ್ಟಿನಿಂದಲೂ ಅವರಿಗೆ ಕಣ್ಣು ಕಾಣದು. ಅದಕ್ಕೆ ಅವರು ತಲೆ ಕೆಡಿಸಿಕೊಂಡವರಲ್ಲ. ಯಾರಾದರೂ ಎದುರು ನಿಂತು ಅಯ್ಯೋ ಪಾಪ ಎಂದರೆ ಮಾತ್ರ ಮೈಯೆಲ್ಲ ಉರಿಯುತ್ತದೆ.

ಕೆಲಸದ ಕೋಣೆ ಚಿಕ್ಕದು. ಒಂದು ಮೇಜು, ಮೇಜಿನ ಮೇಲೆ ಕಂಪ್ಯೂಟರ್ ಡಬ್ಬ, ಕೀಬೋರ್ಡು, ಎರಡು ಸ್ಪೀಕರು. ಮೇಜಿನ ಕೆಳಗೆ ಹೊಲಿಗೆ ಯಂತ್ರದ್ದನ್ನು ಹೋಲುವ ಒಂದು ಪುಟ್ಟ ಪೆಡಲು. ಅದನ್ನು ಕಾಲಿನಿಂದ ಒತ್ತಿದರೆ ರೆಕಾರ್ಡಿಂಗ್ ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ, ಕೈಗಳು ತಮ್ಮ ಪಾಡಿಗೆ ತಾವು ಟೈಪ್ ಮಾಡಿಕೊಂಡಿರಬಹುದು. ವರ್ಷಗಟ್ಟಲೆ ಹೀಗೆ ಕೂತು ಮೇಷ್ಟ್ರ ಬಲಗಾಲಿಗೆ ಒಂದು ಚಾಳಿ ಅಂಟಿಕೊಂಡಿತ್ತು. ಕುರ್ಚಿಯಲ್ಲಿ ಕೂತಾಗ ಸುತ್ತ ಸದ್ದು ನಿಂತರೆ ಸಾಕು, 'ಹೂಂ, ಮುಂದೆ ಹೇಳಿ' ಎಂಬಂತೆ ಕಾಲು ತಾನಾಗಿ ಕೆಳಕ್ಕೆ ಒತ್ತುತ್ತಿತ್ತು. ಊಟಕ್ಕೆ ಕೂತಾಗ ಹೆಂಡತಿ ಮುನಿಸಿಕೊಂಡು ಸುಮ್ಮನಾದರೂ ಅವರು ನೆಲ ಒತ್ತುತ್ತಿದ್ದರು. "ನನ್ನನ್ನೂ ಪೆಡಲ್ ಒತ್ತಿ ಮಾತಾಡಿಸ್ತೀರಾ?" ಎಂದು ಆಕೆ ಮುನಿಸು ಮರೆತು ನಗುತ್ತಿದ್ದಳು.

ಆ ಕೋಣೆಯಲ್ಲಿ ಇಲ್ಲದ ವಸ್ತುವೆಂದರೆ ಸ್ಕ್ರೀನು. ಒಳಗೆ ಏನಿದೆಯೋ ಅದನ್ನೆಲ್ಲ ಕಂಪ್ಯೂಟರು ತಾನೇ ಓದಿ ಹೇಳುತ್ತದೆ, ಬೇರೆಯವರಿಗೆ ಹುರಿಗಾಳು ಸಿಡಿದಂತೆ ಕೇಳುವಷ್ಟು ಬಿರುಸಾಗಿ. ಬೋಳು ತಲೆಗೆ ಬಾಚಣಿಗೆ ಯಾಕೆ ಎಂದು ಮೇಷ್ಟ್ರು ಸ್ಕ್ರೀನು ಕೊಂಡಿರಲೇ ಇಲ್ಲ.

ಇಂಥ ಮನೆಗೆ ಅತ್ತೆ ಬಂದರು. ಒಂದು ಕಣ್ಣಿನ ಪೊರೆ ತೆಗೆಸಿಕೊಂಡು, ಕಪ್ಪು ಕನ್ನಡಕ ಏರಿಸಿಕೊಂಡು, ಸುಧಾರಿಸಿಕೊಳ್ಳಲು ಮಗಳ ಮನೆಗೆ. ಔಷಧಿ ಅಂಗಡಿಯ ಕೌಂಟರಿನ ಹಿಂದೆ ಅರ್ಧ ಆಯಸ್ಸು ನಿಂತು ಕಳೆದ ಗಟ್ಟಿ ಹೆಂಗಸು. ಪೊರೆ ಹೋದ ಮೇಲೆ ಲೋಕವೇ ತೊಳೆದಿಟ್ಟಂತೆ ಕಂಡು, ಕಣ್ಣಿಗೆ ಬಿದ್ದುದನ್ನೆಲ್ಲ ಗಟ್ಟಿಯಾಗಿ ಓದುತ್ತಿದ್ದರು. ಸೋಪಿನ ಹೊದಿಕೆ, ಫ್ಯಾನಿನ ಹೆಸರು, ಎದುರು ಮನೆಯ 'ನಾಯಿ ಇದೆ ಎಚ್ಚರಿಕೆ', ಯಾವುದೂ ಬಿಡಲಿಲ್ಲ.

ಅವರಿಗೂ ಅಳಿಯನಿಗೂ ನಡುವೆ ಒಂದು ಹಳೆಯ ಮಾತು ಉಳಿದಿತ್ತು. ಮದುವೆಯ ಪ್ರಸ್ತಾಪ ಬಂದಾಗ ಅತ್ತೆ, "ಕಣ್ಣಿಲ್ಲದವನಿಗೆ ಮಗಳನ್ನ ಕೊಟ್ರೆ, ಅವಳ ಜನ್ಮವೆಲ್ಲಾ ಅವನ ಕೈ ಹಿಡಿದು ನಡೆಸೋದ್ರಲ್ಲೇ ಮುಗಿಯುತ್ತೆ" ಎಂದಿದ್ದರು. ಒಳಗಿನ ಕೋಣೆಯಲ್ಲಿ ಅಂದದ್ದೇನೋ ನಿಜ. ಹೊರಗೆ ಕೂತಿದ್ದ ಕಿವಿ ಎಂಥದ್ದೆಂದು ಆಗ ಗೊತ್ತಿರಲಿಲ್ಲ. ಅಂದಿನಿಂದ ಮೇಷ್ಟ್ರು ಅತ್ತೆಯ ಬಳಿ ಒಂದು ಲೋಟ ನೀರನ್ನೂ ಕೇಳಿದವರಲ್ಲ. ಅತ್ತೆಯೂ ಅಷ್ಟೇ, ಅಳಿಯಂದ್ರೇ, ನೀವು, ಬನ್ನಿ, ಕೂತ್ಕೊಳ್ಳಿ ಎಂದು ಮರ್ಯಾದೆ ಕೊಟ್ಟೇ ಮಾರು ದೂರ ಇಟ್ಟಿದ್ದರು.

ಆ ವಾರ ಹೆಂಡತಿ ಆಸ್ಪತ್ರೆಯ ಕೆಲಸದ ತರಬೇತಿಗೆಂದು ಬೇರೆ ಊರಿಗೆ ಹೋದಳು. ಮನೆಯಲ್ಲಿ ಉಳಿದವರು ಇವರಿಬ್ಬರೇ. ಅತ್ತೆಯ ಕಣ್ಣಿಗೆ ದಿನಕ್ಕೆ ಹಲವು ಸಲ ಔಷಧಿಯ ಹನಿ ಹಾಕಬೇಕಿತ್ತು. ಮಗಳು ಇರುವವರೆಗೆ ಸರಿ. ಈಗ ತಾವೇ ಮುಖ ಮೇಲೆತ್ತಿ ಹಾಕಿಕೊಂಡರೆ ಒಂದು ಹನಿ ಹುಬ್ಬಿಗೆ, ಒಂದು ಮೂಗಿಗೆ, ಒಂದು ಕೆನ್ನೆಗೆ. ಪ್ರತಿ ಹನಿಗೂ ಒಂದು "ಛೇ" ಮೇಷ್ಟ್ರಿಗೆ ಕೇಳಿಸುತ್ತಿತ್ತು.

"ಅತ್ತೆ, ನಾನು ಹಾಕ್ಲಾ?" ಎಂದರು ಒಮ್ಮೆ.

"ಅಯ್ಯೋ, ಬೇಡಿ ಬೇಡಿ. ನಿಮಗ್ಯಾಕೆ ತೊಂದ್ರೆ."

ಆ 'ತೊಂದ್ರೆ'ಯ ಹಿಂದೆ ಎಷ್ಟು ಭಯ ಅಡಗಿತ್ತೆಂದು ಕಿವಿ ಮೇಷ್ಟ್ರಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಕೋಣೆಗೆ ಹೋದರು.

ಮಾರನೆಯ ದಿನ ಬೆಳಿಗ್ಗೆ ಕರೆಂಟು ಹೋಗಿ ಬಂತು. ಮೇಷ್ಟ್ರು ಕಂಪ್ಯೂಟರ್ ಗುಂಡಿ ಒತ್ತಿದರು. ಒಳಗೆ ಫ್ಯಾನು ತಿರುಗಿತು, ದನಿ ಬರಲಿಲ್ಲ. ಇನ್ನೊಮ್ಮೆ, ಮತ್ತೊಮ್ಮೆ. ಫ್ಯಾನಿನ ಸದ್ದು ಬಿಟ್ಟರೆ ಹೂಂ ಇಲ್ಲ, ಹಾಂ ಇಲ್ಲ. ಅದರೊಳಗೆ ಬಸವನಹುಳುಗಳ ಮೇಲೆ ಒಬ್ಬ ಪ್ರೊಫೆಸರು ಕೊಟ್ಟ ಉದ್ದನೆಯ ಉಪನ್ಯಾಸ, ಹೆಚ್ಚುಕಡಿಮೆ ಟೈಪ್ ಆಗಿ ಮುಗಿದದ್ದು, ಸಂಜೆಯೊಳಗೆ ಕಚೇರಿಗೆ ಹೋಗಬೇಕಿತ್ತು. ಹೋಗದಿದ್ದರೆ ಕಚೇರಿಯವರು ಬೈದು ಸುಮ್ಮನಾಗುತ್ತಾರೆ, ಅದನ್ನು ಹೊಟ್ಟೆಗೆ ಹಾಕಿಕೊಳ್ಳಬಹುದು. ಆದರೆ ಅತ್ತೆ ಮನೆಯಲ್ಲಿರುವ ದಿನವೇ, ಅವರ ಮುಂದೆಯೇ, ಹೆಂಡತಿ ಇಲ್ಲದೆ ಅಳಿಯನ ಕೈಲಿ ಏನೂ ಆಗದು ಎಂದಾಗಿಬಿಟ್ಟರೆ? ಆ ಹಳೆಯ ಮಾತು ಗೆದ್ದುಬಿಡುತ್ತದಲ್ಲ!

ಬಟನ್ ಫೋನಿನಲ್ಲಿ ರಿಪೇರಿಯವನನ್ನು ಹಿಡಿದರು. ಅವನು ಊರಲ್ಲಿರಲಿಲ್ಲ.

"ನಾಡಿದ್ದು ಬರ್ತೀನಿ ಮೇಷ್ಟ್ರೇ. ಅದರೊಳಗೆ ಗುಂಡಿ ಥರದ್ದೊಂದು ಬ್ಯಾಟರಿ ಇರುತ್ತೆ, ಅದು ಸತ್ತಿದೆ ಅನ್ಸುತ್ತೆ. ಕರೆಂಟ್ ಹೋದಾಗ ಎಲ್ಲಾ ಮರ್ತುಬಿಟ್ಟಿದೆ. ಎಲ್ಲಿಂದ ಶುರು ಮಾಡ್ಬೇಕು ಅಂತಾನೇ ಅದಕ್ಕೆ ಗೊತ್ತಿಲ್ಲ."

"ಏನು ಮಾಡ್ಲಿ?"

"ಆನ್ ಮಾಡಿದ ತಕ್ಷಣ ಡಿಲೀಟ್ ಕೀ ಟಕಟಕ ಒತ್ತಿ. ಸೆಟ್ಟಿಂಗ್ಸ್ ಬರುತ್ತೆ. ಅಲ್ಲಿ ಬೂಟ್ ಅಂತ ಇರೋ ಕಡೆ ಹೋಗಿ ಹಾರ್ಡ್ ಡಿಸ್ಕನ್ನ ಮೇಲಕ್ಕೆ ತಂದು ಸೇವ್ ಮಾಡಿ, ಅಷ್ಟೇ. ಡಿಲೀಟ್ ಆಗ್ಲಿಲ್ವಾ, ಎಫ್ ಟು ಒತ್ತಿ."

"ಅಲ್ಲಿ ಅದು ಮಾತಾಡುತ್ತಾ?"

"ಇಲ್ಲ ಮೇಷ್ಟ್ರೇ, ಅಲ್ಲಿ ಅದು ಮೂಗಿ. ಯಾರಾದ್ರೂ ನೋಡಿ ಹೇಳ್ಬೇಕು."

ಮೇಷ್ಟ್ರು ಫೋನಿಟ್ಟರು. ಬೀದಿಯಲ್ಲಿ ಯಾರನ್ನಾದರೂ ಕರೆಯೋಣವೆಂದರೆ ಎಲ್ಲ ಕೆಲಸಕ್ಕೆ ಹೋದ ಹೊತ್ತು. ಕೊನೆಗೆ ಹಲ್ಲು ಕಚ್ಚಿಕೊಂಡು ಎದ್ದರು. ಡಬ್ಬ, ಕೀಬೋರ್ಡು, ಸ್ಪೀಕರು, ಪೆಡಲು, ಎಲ್ಲವನ್ನೂ ವೈರುಗಳ ಸಮೇತ ಎರಡು ಸಲಕ್ಕೆ ಹೊತ್ತು ತಂದು ಹಾಲಿನಲ್ಲಿದ್ದ ಟೀವಿಯ ಮುಂದಿನ ಮೇಜಿನ ಮೇಲೂ ಕೆಳಗೂ ಎಂದಿನಂತೆ ಜೋಡಿಸಿದರು. ಅತ್ತೆ ಧಾರಾವಾಹಿ ನೋಡುತ್ತಿದ್ದರು. ಅದರಲ್ಲಿ ಯಾರೋ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು.

"ಅತ್ತೆ, ಟೀವಿ ಸ್ವಲ್ಪ ಬೇಕಾಗಿತ್ತು. ಹಾಗೇ ನಿಮ್ಮ ಕಣ್ಣೂ."

ರಿಮೋಟಿನ ಸದ್ದು ಕೇಳಿಸಿತು, ಅಳು ನಿಂತಿತು.

"ತಗೊಳ್ಳಿ. ಅವಳು ಇವತ್ತೂ ಅಳ್ತಾಳೆ, ನಾಳೆನೂ ಅಳ್ತಾಳೆ. ಆದ್ರೆ ಇಂಗ್ಲಿಷ್ ನನಗೆ ಅರ್ಥ ಆಗಲ್ಲ, ಅಕ್ಷರ ಓದ್ತೀನಷ್ಟೇ."

"ಅಷ್ಟು ಸಾಕು."

"ಸಾಕಾಗ್ದೇ ಏನು? ಡಾಕ್ಟರುಗಳು ಬರೆದಿದ್ದನ್ನೇ ಓದಿದವಳು ನಾನು."

ಮೇಷ್ಟ್ರು ತಡಕಾಡಿ ವೈರನ್ನು ಟೀವಿಯ ಬೆನ್ನಿಗೆ ಸಿಕ್ಕಿಸಿದರು, ಕುರ್ಚಿ ಎಳೆದುಕೊಂಡು ಕೂತು ಗುಂಡಿ ಒತ್ತಿ ಡಿಲೀಟ್ ಕೀಯನ್ನು ಟಕಟಕ ಕುಟ್ಟಿದರು.

"ಏನು ಬಂತು ಅತ್ತೆ?"

"ಕಪ್ಪು. ಮೂಲೆಯಲ್ಲಿ ಒಂದು ಬಿಳಿ ಗೆರೆ ಕಣ್ಣು ಮಿಟುಕಿಸ್ತಿದೆ."

ಮತ್ತೆ ಶುರು ಮಾಡಿ ಎಫ್ ಟು ಕುಟ್ಟಿದರು. ಕಪ್ಪು. ಬೇಗ ಒತ್ತಿದರು, ತಡೆದು ಒತ್ತಿದರು, ಒತ್ತಿ ಹಿಡಿದುಕೊಂಡೂ ನೋಡಿದರು. ಕಪ್ಪು, ಮೂಲೆಯಲ್ಲಿ ಗೆರೆ. ರಿಪೇರಿಯವನಿಗೆ ಮತ್ತೆ ಫೋನ್ ಮಾಡಿದರೆ ಅವನು, ವಿಂಡೋಸ್ ಒಳಗಿಂದ ಹೋಗುವ ಇನ್ನೊಂದು ದಾರಿ ಇದೆ ಎಂದ. "ಒಳಗೆ ಹೋಗೋಕಾಗ್ತಿಲ್ಲ ಅನ್ನೋದೇ ಅಲ್ಲವೇನಯ್ಯಾ ಗೋಳು!" ಎಂದು ಮೇಷ್ಟ್ರು ರೇಗಿ ಇಟ್ಟರು. ಬೆನ್ನು ಬೆವರಿತು. ಅತ್ತೆ ಎದ್ದುಹೋದದ್ದು ಕೇಳಿಸಿತು. ಮುಗಿಯಿತು, ಇನ್ನು ಸಂಜೆ ಮಗಳಿಗೆ ಫೋನ್ ಹೋಗುತ್ತದೆ, 'ನಿನ್ನ ಗಂಡ ಒಂದು ಪೆಟ್ಟಿಗೆ ಮುಂದೆ ಕೂತು ಬೆವರ್ತಿದ್ದಾನೆ' ಎಂದುಕೊಂಡರು.

ಅತ್ತೆ ಹೋದದ್ದು ನೆಲ ಒರೆಸುವ ಕೋಲು ತರಲು. ಬಗ್ಗಬೇಡಿ ಎಂದು ಡಾಕ್ಟರು ಹೇಳಿದ್ದರೇ ಹೊರತು ನಿಂತು ಒರೆಸಬೇಡಿ ಎಂದಿರಲಿಲ್ಲ. ಕೈ ಕಟ್ಟಿ ಕೂರುವುದು ಅವರ ಜಾಯಮಾನಕ್ಕೇ ಆಗದು. ಮೇಷ್ಟ್ರು ಇನ್ನೊಮ್ಮೆ ಗುಂಡಿ ಒತ್ತಿ ಡಿಲೀಟ್ ಕುಟ್ಟತೊಡಗುವ ಹೊತ್ತಿಗೆ ಕೋಲು ಅವರ ಮೇಜಿನ ಕೆಳಗೇ ಬಂತು.

"ಕಾಲೆತ್ತಿ ಅಳಿಯಂದ್ರೇ."

ಇಂಥ ಹೊತ್ತಲ್ಲೂ ನೆಲ ಒರೆಸಬೇಕೇ! ಮೇಷ್ಟ್ರು ಬಂದ ಸಿಟ್ಟಿಗೆ ಎರಡೂ ಕಾಲನ್ನು ಗಾಳಿಯಲ್ಲಿ ಎತ್ತಿ ಹಿಡಿದರು, ಬೆರಳು ಮಾತ್ರ ಕುಟ್ಟುತ್ತಲೇ ಇತ್ತು.

"ಅಳಿಯಂದ್ರೇ! ನೀಲಿ ಬಂತು! ಟೀವಿ ತುಂಬಾ ನೀಲಿ, ಬರೀ ಅಕ್ಷರ!"

ಎತ್ತಿದ ಕಾಲು ಎತ್ತಿದಂತೆಯೇ ಮೇಷ್ಟ್ರು ಕಲ್ಲಾಗಿ ಕೂತರು. ಆಮೇಲೆ ಬಗ್ಗಿ ಕೈಯಿಂದ ತಡವಿ ನೋಡಿದರು. ಪೆಡಲು ಅಲ್ಲೇ, ಬಲಗಾಲಿನ ಜಾಗದಲ್ಲೇ ಇತ್ತು. ಕಂಪ್ಯೂಟರಿನ ಲೆಕ್ಕದಲ್ಲಿ ಪೆಡಲೂ ಒಂದು ಕೀ. ಕಂಪ್ಯೂಟರು ಮೌನವಾಗಿದ್ದಷ್ಟೂ ಇವರ ಕಾಲು 'ಮುಂದೆ ಹೇಳು' ಎಂದು ಪೆಡಲನ್ನು ಅದುಮಿ ಹಿಡಿದಿತ್ತು. ಅದುಮಿ ಹಿಡಿದಷ್ಟೂ ಕಂಪ್ಯೂಟರು ಬೇರೆ ಕೀಯ ಮಾತಿಗೆ ಕಿವಿಗೊಟ್ಟಿರಲಿಲ್ಲ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಗಿತ್ತು.

"ನಗ್ತಿದ್ದೀರಲ್ಲ, ಏನಾಯ್ತು?" ಅತ್ತೆ ಕೇಳಿದರು.

"ನನ್ನ ಕಾಲೇ ಅದರ ಬಾಯಿ ಮುಚ್ಚಿತ್ತು ಅತ್ತೆ. ನೀವು ಎತ್ತಿಸಿದ್ರಿ, ಬದುಕಿದೆ."

ಪೆಡಲಿನ ವೈರು ಕಿತ್ತಿಟ್ಟು, ಇಬ್ಬರೂ ಟೀವಿಯ ಮುಂದೆ ಕೂತರು. ಅತ್ತೆ ಕಪ್ಪು ಕನ್ನಡಕ ಹಣೆಗೇರಿಸಿ ಅಕ್ಷರ ಅಕ್ಷರವಾಗಿ ಓದಿದರು, ಮೇಷ್ಟ್ರು ಅದನ್ನು ಪದ ಮಾಡಿಕೊಂಡು ಕೀ ಒತ್ತಿದರು. ಮಧ್ಯೆ ಅತ್ತೆ ತಾರೀಖು ಓದಿ ತಟಕ್ಕನೆ ನಿಂತರು.

"ಇದೇನು, ಹಳೇ ವರ್ಷ ತೋರಿಸ್ತಿದೆ?"

"ಎಲ್ಲಾ ಮರ್ತಿದೆಯಲ್ಲ, ತನ್ನ ಹಳೇ ಕಾಲಕ್ಕೇ ಹೋಗಿ ಕೂತಿದೆ."

"ಇದರ ಪ್ರಕಾರ ನಿಮ್ಮ ಮಾವ ಇನ್ನೂ ಇದ್ದಾರೆ."

ಮೇಷ್ಟ್ರ ಕಾಲು ನೆಲವನ್ನು ಮೆಲ್ಲಗೆ ಒತ್ತಿತು.

"ಅವ್ರು ಆಗ್ಲೇ ಹೇಳಿದ್ರು," ಅತ್ತೆಯ ದನಿ ಸಣ್ಣಗಾಗಿತ್ತು, "ಹುಡುಗ ಬಂಗಾರದಂಥವನು, ಸುಮ್ಮನೆ ಒಪ್ಪಿಕೋ ಅಂತ. ನಾನೇ ಏನೇನೋ ಅಂದೆ."

"ಕೇಳಿಸಿತ್ತು ಅತ್ತೆ. ಹೊರಗಡೆ ನಾನೇ ಕೂತಿದ್ದೆ."

"ಅಯ್ಯೋ ದೇವರೇ! ಇಷ್ಟು ವರ್ಷ ಕೇಳಿಸಿಕೊಂಡೇ ಸುಮ್ನಿದ್ರಾ?" ಅತ್ತೆ ಸೆರಗಿನಲ್ಲಿ ಮುಖ ಒರೆಸಿಕೊಂಡದ್ದು ಮೇಷ್ಟ್ರಿಗೆ ತಿಳಿಯಿತು. "ತಪ್ಪಾಯ್ತಪ್ಪಾ. ಹೆದರಿಕೆಗೆ ಆಡಿದ ಮಾತು ಅದು."

"ತಾರೀಖು ಸರಿ ಮಾಡ್ಲಾ?"

"ಸ್ವಲ್ಪ ಹೊತ್ತು ಹಾಗೇ ಇರ್ಲಿ."

ಹಾಗೇ ಬಿಟ್ಟರು. ಬೂಟ್ ಎಂಬಲ್ಲಿಗೆ ಹೋಗಿ ಹಾರ್ಡ್ ಡಿಸ್ಕನ್ನು ಮೇಲಕ್ಕೆ ತಂದರು. ಕೊನೆಗೆ ಅತ್ತೆಯೇ, "ಹೂಂ, ಈಗ ಮಾಡಿ" ಎಂದ ಮೇಲೆ ತಾರೀಖನ್ನು ಈ ಕಾಲಕ್ಕೆ ಕರೆತಂದು ಸೇವ್ ಒತ್ತಿದರು. ಟೀವಿ ಕಪ್ಪಾಯಿತು. ಆಮೇಲೆ ಸ್ಪೀಕರಿನಿಂದ ಆ ಹುರಿಗಾಳಿನ ದನಿ ಪಟಪಟ ಸಿಡಿಯಿತು. ಹೋದ ಜೀವ ಬಂದ ಹಾಗಾಯಿತು ಮೇಷ್ಟ್ರಿಗೆ.

"ಏನಂತೆ ಅದು?"

"ಬಸವನಹುಳು ರೆಡಿ ಅಂತೆ."

ಇನ್ನು ಸ್ವಿಚ್ ಆರಿಸಬೇಡಿ, ಬಂದು ಬ್ಯಾಟರಿ ಹಾಕುತ್ತೇನೆ ಎಂದು ರಿಪೇರಿಯವನು ಫೋನಿನಲ್ಲಿ ಹೇಳಿದ. ಬಸವನಹುಳುಗಳು ಸಂಜೆಗೆ ಮೊದಲೇ ಕಚೇರಿ ಮುಟ್ಟಿದವು. ಮೇಷ್ಟ್ರು ನೆಮ್ಮದಿಯಾಗಿ ಹಾಲಿನ ಕುರ್ಚಿಗೊರಗಿದರು. ಒಳಗಿನಿಂದ ಔಷಧಿ ಸೀಸೆಯ ಮುಚ್ಚಳ ತಿರುಗಿಸಿದ ಸದ್ದು, ಒಂದು ಛೇ, ಇನ್ನೊಂದು ಛೇ. ಆಮೇಲೆ ಏನೂ ಇಲ್ಲ. ಮೇಷ್ಟ್ರ ಬಲಗಾಲು ನೆಲ ಒತ್ತಿತು.

ಹೆಜ್ಜೆ ಹತ್ತಿರ ಬಂತು. ಪಕ್ಕದಲ್ಲಿ ಇನ್ನೊಂದು ಕುರ್ಚಿ ಎಳೆದ ಸದ್ದಾಯಿತು, ಅಂಗೈಯಲ್ಲಿ ಪುಟ್ಟ ಸೀಸೆ ಬಂದು ಕೂತಿತು.

"ಇದನ್ನ ನೀನೇ ಹಾಕಪ್ಪ."

ಮೇಷ್ಟ್ರು ಎದ್ದುಹೋಗಿ ಸೋಪು ಹಚ್ಚಿ ಕೈ ತೊಳೆದು ಬಂದರು. ಎಡಗೈ ಬೆರಳಿನಿಂದ ಅತ್ತೆಯ ಕೆನ್ನೆ ಮುಟ್ಟಿ, ಅಲ್ಲಿಂದ ಮೇಲಕ್ಕೆ ಸರಿಸಿ, ಕೆಳರೆಪ್ಪೆಯನ್ನು ಮೆಲ್ಲಗೆ ಎಳೆದು ಹಿಡಿದರು. ಆ ರೆಪ್ಪೆ ಹೆದರಿಕೆಗೆ ನಡುಗುತ್ತಿತ್ತು, ಆದರೆ ಅತ್ತೆ ಮುಖ ಸರಿಸಲಿಲ್ಲ. ಸೀಸೆಯನ್ನು ತಮ್ಮ ಬೆರಳಿಗೆ ಆನಿಸಿ ಒಂದು ಹನಿ ಬಿಟ್ಟರು.

"ಬಿತ್ತು," ಎಂದರು ಅತ್ತೆ, ನಂಬಲಾರದವರ ಹಾಗೆ. "ಸರಿಯಾಗಿ ಕಣ್ಣೊಳಗೇ ಬಿತ್ತು ಕಣೋ!"

ಮೇಷ್ಟ್ರು ಸೀಸೆಗೆ ಮುಚ್ಚಳ ಹಾಕುತ್ತಿದ್ದರು. ಅತ್ತೆ ಕಣ್ಣು ಮುಚ್ಚಿಕೊಂಡೇ ಹೇಳಿದರು:

"ಮುಂದಿನ ತಿಂಗಳು ಇನ್ನೊಂದು ಕಣ್ಣಿಂದು. ಆಗ್ಲೂ ಇಲ್ಲಿಗೇ ಬರ್ತೀನಿ. ಅವಳಿಗೆ ರಜ ಸಿಗದಿದ್ರೂ ಪರವಾಗಿಲ್ಲ."