ಟವೆಲ್ಲಿನಲ್ಲಿ ಉಳಿದ ಜೀವ

1995ರಲ್ಲಿ, ಏಳನೇ ಕ್ಲಾಸಿನ ಅರ್ಧದಲ್ಲಿ, ನಾನು ಸ್ಕೂಲು ಬಿಟ್ಟೆ. ಅಪ್ಪನ ಗುದ್ದಲಿ ಹಿಡಿದು ಕೊಪ್ಪದ ಕಡೆಯ ನಾಲೆಗೆ ನೀರುಗಂಟಿಯಾದೆ. ಯಾವ ತೂಬು ಎತ್ತಬೇಕು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಬಿಡಬೇಕು ಅನ್ನೋದು ನನ್ನ ಕೆಲಸ. ಈ ನೀರನ್ನು ನನಗಿಂತ ಬಲ್ಲವರಿಲ್ಲ ಅಂತ ಇವತ್ತೂ ಹೇಳ್ತೀನಿ.

ಹೋದ ವರ್ಷ ಮಗಳ ಕ್ಲಾಸಿನಲ್ಲಿ ಸಣ್ಣದೊಂದು ಗಾಜಿನ ತೊಟ್ಟಿ ಇಟ್ಟು ಬೋರ್‌ವೆಲ್ ನೀರು ತುಂಬಿಸಿದರು. ವಿಜ್ಞಾನದ ಮೇಡಂ ಎಷ್ಟು ಸಲ ಹನಿ ತೆಗೆದು ಮೈಕ್ರೋಸ್ಕೋಪಿನಡಿ ಇಟ್ಟರೂ ಒಂದು ಹುಳವೂ ಕಾಣಲಿಲ್ಲವಂತೆ. ಮಗಳು ಎದ್ದು ನಿಂತು, ನಮ್ಮಪ್ಪ ತರೋ ನೀರಲ್ಲಿ ಜೀವ ಇರ್ತದೆ ಅಂದುಬಿಟ್ಟಿದ್ದಳು. ಇಡೀ ಕ್ಲಾಸಿನ ಮುಂದೆ ಆಡಿದ ಮಾತು. ಅದನ್ನು ಉಳಿಸೋದು ನನ್ನ ಕೈಲಿತ್ತು.

ಮಾರನೇ ಬೆಳಿಗ್ಗೆ ಗದ್ದೆ ಮೂಲೆಯಲ್ಲಿ ಪಾಚಿ ಕಟ್ಟಿ ನಿಂತಿದ್ದ ನೀರನ್ನೇ ಆರಿಸಿದೆ. ಆದರೆ ಸ್ಕೂಲಿಗೆ ಕೊಡೋ ನೀರು, ಕಸದ ಸಮೇತ ಕೊಟ್ಟರೆ ಮರ್ಯಾದೆಯೇ? ಮನೆಗೆ ಬಂದವರಿಗೆ ಕೊಡುವ ಹಾಗೆ, ಹೆಗಲ ಟವೆಲನ್ನು ನಾಲ್ಕು ಮಡಿಕೆ ಮಾಡಿ ಬಿಂದಿಗೆ ಬಾಯಿಗೆ ಕಟ್ಟಿ, ಚೊಂಬಿನಲ್ಲಿ ಹುಯ್ದು ಸೋಸಿದೆ. ಒದ್ದೆ ಟವೆಲ್ ಹೆಗಲ ಮೇಲೆ ಹಾಕ್ಕೊಂಡೇ ಹೋದೆ.

ಮೇಡಂ ಒಂದು ಹನಿ ನೋಡಿದರು. ಇನ್ನೊಂದು ನೋಡಿದರು. ಒಂದು ಹುಳವೂ ಇಲ್ಲ. ಮಗಳೂ ನೋಡಿದಳು, ನೋಡಿ ತಲೆ ತಗ್ಗಿಸಿದಳು. ಹಿಂದಿನ ಬೆಂಚಿನ ಹುಡುಗಿ ಎಲ್ಲರಿಗೂ ಕೇಳೋ ಹಾಗೆ ಅಂದಳು:

"ನಿಮ್ಮಪ್ಪ ಫಿಲ್ಟರ್ ನೀರು ತಂದವ್ರೆ ಕಣೇ."

ಕ್ಲಾಸೆಲ್ಲ ನಕ್ಕಿತು. ಮೇಡಂ ನಗಲಿಲ್ಲ, ಸೋಸಿದ್ರಾ ಅಂತ ಕೇಳಿದರು. ಸೋಸದೆ ತರ್ತೀನಾ ಮೇಡಂ ಅಂದೆ, ಹೆಮ್ಮೆಯಿಂದಲೇ. ಅವರ ಕಣ್ಣು ನನ್ನ ಹೆಗಲಿಗೆ ಹೋಯಿತು. ಟವೆಲ್ ಇಸ್ಕೊಂಡು, ಒಂದು ಲೋಟ ನೀರಿನಲ್ಲಿ ಅಲುಬಿ, ಆ ನೀರಿನ ಹನಿ ಇಟ್ಟರು.

ಮಗಳು ಬಹಳ ಹೊತ್ತು ನೋಡಿದಳು. ಆಮೇಲೆ ನನ್ನ ಕೈ ಹಿಡಿದು ಎಳೆದಳು.

"ನೋಡಪ್ಪ, ಎದೆ ಬಡ್ಕೋತಾ ಅದೆ."

ಒಂದು ಕಣ್ಣು ಮುಚ್ಚಿ ನೋಡಿದೆ. ಗಾಜಿನಂಥ ಮೈ, ಒಳಗೆ ಸಾಸಿವೆಗಿಂತ ಸಣ್ಣ ಗುಂಡಿಗೆ, ಪಂಪ್‌ಸೆಟ್ಟಿನ ಹಾಗೆ ನಿಲ್ಲದೆ ಓಡ್ತಿತ್ತು. ನೀರುಚಿಗಟ ಅಂದರು ಮೇಡಂ. ಇಷ್ಟು ವರ್ಷ ನಾನು ಇವನ್ನೇ ಹಿಂಡಿ ಚೆಲ್ಲುತ್ತಿದ್ದೆ. ನೋಡೋಕೆ ಸಾಲು ನಿಂತಾಗ ಮೊದಲು ನಿಂತವಳು ಹಿಂದಿನ ಬೆಂಚಿನ ಆ ಹುಡುಗಿಯೇ. ಮಗಳು ಅವಳನ್ನು ಕೊನೆಗೆ ಕಳಿಸಿದಳು, ನಾನು ಬೇಡ ಅನ್ನಲಿಲ್ಲ.

ಈಗ ನನ್ನ ಪಾಲಿಗೆ ಹದಿನೇಳು ತೂಬು, ಒಂದು ಗುದ್ದಲಿ, ಎರಡು ಹಸು, ಒಬ್ಬಳು ಮಗಳು, ಎರಡು ಟವೆಲ್: ಮನೆ ನೀರಿಗೆ ಒಂದು, ಸ್ಕೂಲಿಗೆ ಒಂದು.