ಎರಡೇ ಎರಡು ಏಟು

ಟಿ. ನರಸೀಪುರದ ನಿಲ್ದಾಣದಲ್ಲಿ ನಿಂತಿದ್ದ ಮೈಸೂರು ಬಸ್ಸಿನ ತಗಡಿಗೆ, ಕತ್ತಿಗೆ ಟವೆಲ್ ಸುತ್ತಿಕೊಂಡಿದ್ದ ಬಡಕಲು ಯಜಮಾನರೊಬ್ಬರು ಬಂದು ಅಂಗೈಯಿಂದ ಎರಡು ಏಟು ಹಾಕಿದರು. ಬಸ್ಸು ಹೊರಟೇಬಿಟ್ಟಿತು. ಕಂಡಕ್ಟರ್ ಇನ್ನೂ ಕೆಳಗೆ ಟೀ ಕುಡಿಯುತ್ತಿದ್ದ.

ಅವನು ಲೋಟ ಬಿಟ್ಟು ಓಡಿಬಂದು ಹತ್ತಿಕೊಂಡಾಗ, ಇನ್ನೇನು ಬೈಗುಳ ಶುರುವಾಗುತ್ತದೆ ಎಂದುಕೊಂಡೆ. ಅವನು ಬಾಗಿಲಲ್ಲೇ ನಿಂತು ಯಜಮಾನರಿಗೆ ಸಲಾಮು ಹೊಡೆದ. ಅವರು ಭುಜ ಕುಣಿಸಿ ನಗುತ್ತಿದ್ದರು, ಒಂದಿಷ್ಟೂ ಸದ್ದಿಲ್ಲದೆ.

ಮುಂದಿನ ಸೀಟಿನಲ್ಲಿ ಅಕ್ಕನ ಕೈ ಹಿಡಿದು ಕುಳಿತಿದ್ದ ನನಗೆ ಡ್ರೈವರ್ ಹೇಳಿದರು: "ನಮ್ ಹಳೇ ಕಂಡಕ್ಟ್ರು ಕಣಮ್ಮ. ಗಂಟ್ಲು ಕ್ಯಾನ್ಸರ್ ಆಪ್ರೇಷನ್ ಆಗಿ ಮಾತು ನಿಂತೋಗದೆ. ಅವರ ಏಟಿಗೇ ಇಪ್ಪತ್ತು ವರ್ಸ ಗಾಡಿ ತಗ್ದಿದೀನಿ. ಈಗ್ಲೂ ಆ ಏಟು ಬಿತ್ತು ಅಂದ್ರೆ ನನ್ ಕೈ ತಾನಾಗೇ ಗೇರ್ಗೆ ಓಯ್ತದೆ. ವಾರಕ್ಕೊಂದ್ಸಲ ಬಂದು ಇಂಗೇ ಆಟ ಆಡಿಸ್ತಾರೆ."

ದನಿಯೇ ಇಲ್ಲದ ಮನುಷ್ಯ ಬರೀ ಅಂಗೈಯಲ್ಲಿ ಒಂದು ಬಸ್ಸು ಜನರನ್ನು ಹೊರಡಿಸಿದ್ದರು. ಅವರು ಮರೆಯಾಗುವವರೆಗೂ ಕಿಟಕಿಯಿಂದ ಕತ್ತು ಹೊರಳಿಸಿ ನೋಡುತ್ತಲೇ ಇದ್ದೆ. ನನ್ನ ಬ್ಯಾಗಿನಲ್ಲಿ ಎದೆಯ ಗಡ್ಡೆಯ ರಿಪೋರ್ಟಿತ್ತು. ಅಂದು ನನ್ನ ಮೊದಲ ಕೀಮೋ.

ಆಸ್ಪತ್ರೆಯಲ್ಲಿ ಡ್ರಿಪ್ ಬಿಡುವ ಮುನ್ನ, ಮಂಚದ ಕಬ್ಬಿಣಕ್ಕೆ ನಾನೂ ಎರಡು ಏಟು ಹಾಕಿದೆ. ನರ್ಸ್ ಗಾಬರಿಯಿಂದ ನೋಡಿದಳು. ಬಸ್ಸಿನ ಕತೆ ಹೇಳಿದೆ. ಆರನೆಯ ಕೀಮೋ ಹೊತ್ತಿಗೆ, ನಾನು ಕೈ ಎತ್ತುವ ಮೊದಲೇ ಅವಳೇ ಮಂಚ ತಟ್ಟಿ "ರೈಟ್" ಎನ್ನುತ್ತಿದ್ದಳು.