ಸುಭದ್ರಾಬಾಯಿ ಬಡಿಸಿದ ಅರ್ಧ ತಾಟು

ಮಾದನಹಿಪ್ಪರಗಾದ ಸುಭದ್ರಾಬಾಯಿಯ ಕೈ ದೊಡ್ಡದು ಎಂದರೆ ಇಲ್ಲವೆನ್ನುವವರಿಲ್ಲ. ರಾಶಿಗೆ ಬಂದ ಆಳು, ಬಸ್ಸು ತಪ್ಪಿದ ಮಾಸ್ತರ, ಬಾಗಿಲಿಗೆ ಬಂದ ಜಂಗಮ, ಯಾರೇ ಇರಲಿ, ಮೊದಲು ರೊಟ್ಟಿ ಹಾಕಿ ಆಮೇಲೆ ಹೆಸರು ಕೇಳುವ ಹೆಣ್ಣುಮಗಳು. ಅಂಥವಳ ಮೇಲೆ ಕಟ್ಟಿಕೊಂಡ ಗಂಡನೇ ಅಪವಾದ ಹೊರಿಸಿದನಲ್ಲ!

ಗಂಡ ಜಗದೇವಪ್ಪನಿಗೆ ಲಕ್ವಾ ಹೊಡೆದಿತ್ತು. ಕೈಕಾಲು ಸುಧಾರಿಸಿ ಮನೆಗೆ ಬಂದವನು ನೋಡಲು ಬಂದವರ ಮುಂದೆಲ್ಲ ಒಂದೇ ರಾಗ ಹಾಡತೊಡಗಿದ: "ಅರ್ಧ ರೊಟ್ಟಿ ಹಾಕ್ತಾಳ್ರಿ. ರೊಟ್ಟಿಗೆ ಹಚ್ಚಿಕೊಳ್ಳಾಕ ಶೇಂಗಾ ಹಿಂಡಿಯಂತೂ ಕಣ್ಣಿಗೇ ಇಲ್ಲ."

"ಉಳಿಸಿ ಏಳೂದು ನೀವು, ಹೆಸರು ಕೆಡೂದು ನಂದು!" ಸುಭದ್ರಾಬಾಯಿ ಅರ್ಧ ರೊಟ್ಟಿ ಉಳಿದ ತಾಟನ್ನೇ ಮುಂದೆ ಹಿಡಿದಳು.

"ಎಲ್ಲಿ ಉಳಿದದ ಬೇ?" ಅವನಿಗೆ ನಿಜವಾಗಿಯೂ ಸಿಟ್ಟು.

ಕರಜಗಿಯಿಂದ ಅವನ ಅಕ್ಕ ನಿಂಬೆವ್ವ ಬಂದಳು. ತಮ್ಮನ ಮುಖ ನೋಡಿದ್ದೇ, "ಸೊರಗಾಕತ್ತ್ಯಾನ. ನಾಳೆ ಡಾಕ್ಟರಿಗೆ ತೋರಿಸಿ, ಹಂಗೇ ನಮ್ಮೂರಿಗೆ ಕರಕೊಂಡು ಹೋಗ್ತೇನಿ" ಎಂದಳು. ಸುಭದ್ರಾಬಾಯಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಆದರೂ ಮರುದಿನ ಮೂವರಿಗೂ ಬುತ್ತಿ ಕಟ್ಟಿದಳು.

ಕಲಬುರಗಿಯ ಡಾಕ್ಟರಮ್ಮ ಒಂದು ಹೂವು ಬರೆಯಲು ಹೇಳಿದರು. ಬರೆದ. ದಳಗಳೆಲ್ಲ ಬಲಕ್ಕೇ, ಎಡಕ್ಕೆ ಬರೀ ಹಾಳೆ. "ಪೂರಾ ಹೂವು ನೋಡ್ರಿ!" ಎಂದು ಹೆಮ್ಮೆಯಿಂದ ಕೊಟ್ಟ.

ಡಾಕ್ಟರಮ್ಮ ನಕ್ಕರು. "ಕಣ್ಣು ಎರಡೂ ಚಲೋ ಅದಾವ. ಆದ್ರ ಕಣ್ಣು ಬರೇ ಸುದ್ದಿ ತರ್ತದ್ರಿ. ಮೆದುಳು ಆ ಸುದ್ದಿ ಒಳಗ ಕರಕೊಂಡಾಗಷ್ಟೇ ನಮಗ ಕಂಡಂಗ. ಇವರ ಬಲಗಡೆ ಮೆದುಳಿಗೆ ಪೆಟ್ಟಾಗ್ಯದ, ಅದಕ್ಕ ಎಡಗಡೆ ಸುದ್ದಿ ಒಳಗ ಬರವಲ್ದು. ಬರವಲ್ದು ಅನ್ನೂದೂ ಇವರಿಗೆ ಗೊತ್ತಾಗೂದಿಲ್ಲ. ಸುಳ್ಳು ಹೇಳಾಕತ್ತಿಲ್ಲ ಇವರು. ದಿನಾ ರೂಢಿ ಮಾಡಿಸ್ರಿ, ಸುಧಾರಿಸ್ತದ."

ಆಸ್ಪತ್ರೆಯ ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚಿದರು. ಜಗದೇವಪ್ಪ ಬಲಗಡೆಯ ಅರ್ಧ ತಿಂದು, "ನೋಡಕ್ಕ, ಆತು ಇಷ್ಟೇ!" ಎಂದ. ಸುಭದ್ರಾಬಾಯಿ ತಾಟನ್ನು ಮೆಲ್ಲಗೆ ತಿರುಗಿಸಿದಳು.

"ಅರೇ!" ಜಗದೇವಪ್ಪ ಹೌಹಾರಿದ. "ಇದೆಲ್ಲಿಂದ ಬಂತು? ಹಿಂಡಿನೂ ಅದ!"

"ನಿನ್ನ ತಲ್ಯಾಗಿಂದ ಬಂತು, ತಿನ್ನು!" ನಿಂಬೆವ್ವ ಸೆರಗು ಬಾಯಿಗೆ ಹಿಡಿದು ನಗತೊಡಗಿದಳು.

ಅವನು ಅದನ್ನೂ ಮುಗಿಸಿ ಹೆಂಡತಿಯ ಮುಖ ನೋಡಿದ. "ತಪ್ಪಾತು ಬೇ. ಇನ್ನೊಮ್ಮಿ ತಿರುಗಿಸು, ಹೋಳಿಗಿ ಬರ್ತದೇನೋ ನೋಡೂಣು."

ಸುಭದ್ರಾಬಾಯಿ ತಡೆಯಲಾರದೆ ನಕ್ಕಳು, ಕಣ್ಣಲ್ಲಿ ನೀರು ಬರುವ ಹಾಗೆ. ನಿಂಬೆವ್ವ ತನ್ನ ತಾಟು ಅವಳ ಮುಂದೆ ಚಾಚಿದಳು: "ಇಂವ ನಮ್ಮೂರಿಗೆ ಬರೂದು ಬ್ಯಾಡ, ನಿನ್ನ ಹಂತೇಕೇ ಇರಲಿ. ನಾನೂ ನಾಲ್ಕು ದಿನ ಉಳಿತೇನಿ. ನನಗೊಂದು ರೊಟ್ಟಿ ಹಾಕವ್ವ."